ಹೃದಯಕ್ಕೆ ಗಂಜಿ ಹತ್ತಿದಾಗ: ಜೀನ್‌ನ ಬಾಯಿ ಮುಚ್ಚಿಸೋ ಇಂಜೆಕ್ಷನ್ ಏನು ಮಾಡುತ್ತೆ, ಏನು ಮಾಡಲ್ಲ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಇಲ್ಲೇ ಓದಿಕೊಳ್ಳಬಹುದು.)

ನೀವು ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರಬಹುದು, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರಬಹುದು. ಎಲ್ಲೇ ಇದ್ರೂ ಸ್ವಾಗತ.

ಇವತ್ತಿನ ವಿಷಯ ಶುರುವಾಗಿದ್ದು ಒಂದು ವಾಟ್ಸ್ಆ್ಯಪ್ ಫಾರ್ವರ್ಡ್‌ನಿಂದ. "ಹಾರ್ಟ್ ಫೇಲ್ಯೂರ್‌ಗೆ ಕೊನೆಗೂ ಮದ್ದು ಸಿಕ್ಕಿತು, ಮೂರು ತಿಂಗಳಿಗೆ ಒಂದೇ ಇಂಜೆಕ್ಷನ್, ಕೆಟ್ಟ ಜೀನ್ ಸೈಲೆಂಟ್" ಅಂತ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂತು. ಕೆಳಗೆ ಹತ್ತು ಕೈಮುಗಿಯೋ ಎಮೋಜಿ. ಆಮೇಲೆ ಒಬ್ಬರು ಪ್ರೈವೇಟ್ ಆಗಿ ಕೇಳಿದ್ರು: "ಇದನ್ನ ಅಪ್ಪನಿಗೆ ಹಾಕಿಸಬಹುದಾ?"

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಯಾಕಂದ್ರೆ ಆ ಫಾರ್ವರ್ಡ್ ಅರ್ಧ ನಿಜ. ಇಂಜೆಕ್ಷನ್ ಇರೋದು ನಿಜ, ಮೂರು ತಿಂಗಳಿಗೊಂದು ಅನ್ನೋದೂ ನಿಜ. ಆದರೆ ಅದು ಎಲ್ಲಾ ಹಾರ್ಟ್ ಫೇಲ್ಯೂರ್‌ಗೆ ಅಲ್ಲ, ಒಂದು ನಿರ್ದಿಷ್ಟ ಕಾಯಿಲೆಗೆ. ಇನ್ನೊಂದು, ಅದು ಆಗಿಹೋದ ಹಾನಿಯನ್ನ ಒರೆಸಿ ಹಾಕಲ್ಲ, ಮುಂದಾಗೋದನ್ನ ತಡೆಯುತ್ತೆ. ಹಾಗಾಗಿ ಕಾಯಿಲೆ ಯಾವಾಗ ಗೊತ್ತಾಯ್ತು ಅನ್ನೋದರ ಮೇಲೇ ಎಲ್ಲಾ ನಿಂತಿದೆ. ತಮಾಷೆ ಅಂದ್ರೆ, ಈ ಹೃದಯದ ಕಾಯಿಲೆ ಎಷ್ಟೋ ಜನರಲ್ಲಿ ಮೊದಲು ಸುಳಿವು ಕೊಡೋದು ಎದೆಯಲ್ಲಿ ಅಲ್ಲ, ಕೈಯಲ್ಲಿ. ಅಲ್ಲಿಗೂ ಬರ್ತೀನಿ.

ಅಟ್ಯಾಕ್ ಬೇರೆ, ಫೇಲ್ಯೂರ್ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೆ ರಕ್ತ ಕೊಡೋ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗಕ್ಕೆ ಪೆಟ್ಟು ಬೀಳೋದು. ಹಾರ್ಟ್ ಫೇಲ್ಯೂರ್ ಅಂದ್ರೆ ಹೃದಯ ನಿಂತುಹೋಯ್ತು ಅಂತ ಅಲ್ಲ. ಹೃದಯ ಬಡೀತಾನೇ ಇರುತ್ತೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡೋಕೆ ಅದರ ಕೈಲಿ ಆಗ್ತಿಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು, ಸಂಜೆ ಹೊತ್ತಿಗೆ ಕಾಲು ಊತ, ರಾತ್ರಿ ಎರಡು ದಿಂಬು ಇಟ್ಟುಕೊಂಡ್ರೆ ಮಾತ್ರ ನಿದ್ದೆ. ಇದೆಲ್ಲಾ ಅದರ ಲಕ್ಷಣ.

ಈ ಸ್ಥಿತಿಗೆ ದಾರಿಗಳು ಹಲವು. ಹಳೇ ಹಾರ್ಟ್ ಅಟ್ಯಾಕ್, ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ, ಶುಗರ್, ಹೃದಯದ ಕವಾಟದ ತೊಂದರೆ. ಹೆಚ್ಚಿನವರು ಬರೋದು ಈ ದಾರಿಗಳಿಂದಲೇ. ಇವರಿಗೆ ಇವತ್ತಿಗೂ ಆಸರೆ ದಿನಾ ತಗೊಳ್ಳೋ ಮಾತ್ರೆಗಳು. ಆ ಮಾತ್ರೆಗಳು ಚೆನ್ನಾಗೇ ಕೆಲಸ ಮಾಡ್ತವೆ. ಫಾರ್ವರ್ಡ್ ನೋಡಿ ಯಾರೂ ಅವನ್ನ ನಿಲ್ಲಿಸಬಾರದು.

ನಾನು ಇವತ್ತು ಹೇಳೋದು ಇನ್ನೊಂದು ದಾರಿಯ ಬಗ್ಗೆ. ಅದರ ಹೆಸರು ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ಕಾರ್ಡಿಯೋಮಯೋಪತಿ. ಉಸಿರು ಬಿಗಿಹಿಡಿದು ಹೇಳಬೇಕು! ಹೆಸರು ಉದ್ದ ಆದ್ರೂ ಒಳಗಿನ ಕಥೆ ಸರಳ.

ಗಂಜಿಯ ಕಥೆ

ನಮ್ಮ ಅಜ್ಜಿ ಕಾಟನ್ ಸೀರೆಗೆ ಗಂಜಿ ಹಾಕ್ತಿದ್ರು. ಒಣಗಿದ ಮೇಲೆ ಆ ಸೀರೆ ತಗಡಿನ ಥರ ನಿಲ್ಲುತ್ತಿತ್ತು. ಮಡಚೋಕೂ ಬಗ್ಗಲ್ಲ, ಬಿಡಿಸೋಕೂ ಬಗ್ಗಲ್ಲ. ಈ ಕಾಯಿಲೆಯಲ್ಲಿ ಹೃದಯದ ಗೋಡೆಗೆ ಆಗೋದು ಹೆಚ್ಚುಕಡಿಮೆ ಅದೇ.

ಈ ಹೋಲಿಕೆ ನಾನು ಕಟ್ಟಿದ್ದೂ ಅಲ್ಲ. 'ಅಮೈಲಾಯ್ಡ್' ಅನ್ನೋ ಪದದ ಅರ್ಥವೇ 'ಪಿಷ್ಟದಂಥದ್ದು', ಅಂದ್ರೆ ಗಂಜಿಯಂಥದ್ದು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ದೇಹದ ಅಂಗಾಂಶದಲ್ಲಿ ಕಂಡ ವಿಚಿತ್ರ ವಸ್ತುವಿಗೆ ಅಯೋಡಿನ್ ಹಾಕಿ ನೋಡಿದರು. ಪಿಷ್ಟದ ಥರಾನೇ ಬಣ್ಣ ಬದಲಾಯ್ತು. ಅದಕ್ಕೇ ಆ ಹೆಸರಿಟ್ಟರು. ಆಮೇಲೆ ಅದು ಪಿಷ್ಟ ಅಲ್ಲ, ಪ್ರೊಟೀನ್ ಅಂತ ಗೊತ್ತಾಯ್ತು. ಹೆಸರು ಮಾತ್ರ ಹಾಗೇ ಉಳೀತು.

ಯಾವ ಪ್ರೊಟೀನ್? ಟ್ರಾನ್ಸ್‌ಥೈರೆಟಿನ್, ಚಿಕ್ಕದಾಗಿ ಟಿಟಿಆರ್. ಇದು ಕೆಟ್ಟ ವಸ್ತು ಅಲ್ಲ. ನಮ್ಮೆಲ್ಲರ ರಕ್ತದಲ್ಲೂ ಇದೆ. ಬಹುಪಾಲು ತಯಾರಾಗೋದು ಲಿವರ್‌ನಲ್ಲಿ. ಕೆಲಸ ಸಾಗಣೆ: ಥೈರಾಯ್ಡ್ ಹಾರ್ಮೋನನ್ನೂ ವಿಟಮಿನ್ ಎ ಅನ್ನೂ ಹೊತ್ತುಕೊಂಡು ಓಡಾಡೋದು. ನಾಲ್ಕು ತುಂಡುಗಳು ಒಂದಕ್ಕೊಂದು ಅಂಟಿಕೊಂಡು ಒಂದು ಟಿಟಿಆರ್ ಆಗುತ್ತೆ.

ತೊಂದರೆ ಬರೋದು ಆ ನಾಲ್ಕು ತುಂಡು ಬಿಟ್ಟುಕೊಂಡಾಗ. ಬಿಡಿಯಾದ ತುಂಡು ತನ್ನ ಆಕಾರ ಕಳಕೊಂಡು ತಪ್ಪಾಗಿ ಮಡಚಿಕೊಳ್ಳುತ್ತೆ. ಅಂಥವು ಒಂದರ ಮೇಲೊಂದು ಸೇರಿ ನಾರಿನ ಥರ ಉದ್ದ ಎಳೆಗಳಾಗಿ ಹೃದಯದ ಸ್ನಾಯುಕೋಶಗಳ ಸಂದಿಯಲ್ಲಿ ಕೂತುಬಿಡುತ್ತವೆ. ವರ್ಷಗಟ್ಟಲೆ ಹೀಗೆ ಕೂತರೆ ಗೋಡೆ ದಪ್ಪ ಆಗುತ್ತೆ, ಬಿರುಸಾಗುತ್ತೆ. ಹೃದಯ ಹಿಂಡೋದಷ್ಟೇ ಅಲ್ಲ, ಪ್ರತಿ ಬಡಿತದ ನಂತರ ಸಡಿಲ ಆಗಿ ರಕ್ತ ತುಂಬಿಸಿಕೊಳ್ಳಬೇಕು. ಗಂಜಿ ಹತ್ತಿದ ಹೃದಯಕ್ಕೆ ಸಡಿಲ ಆಗೋದೇ ಕಷ್ಟ.

ಇದರಲ್ಲಿ ಎರಡು ಬಗೆ. ಒಂದು ವಯಸ್ಸಿನ ಜೊತೆ ಬರೋದು. ಇವರ ಜೀನ್‌ನಲ್ಲಿ ದೋಷ ಇಲ್ಲ. ಸಾಮಾನ್ಯವಾಗಿ 60 ದಾಟಿದವರಲ್ಲಿ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಇನ್ನೊಂದು ವಂಶದಲ್ಲಿ ಬರೋದು. ಟಿಟಿಆರ್ ಜೀನ್‌ನಲ್ಲಿ ಒಂದು ಅಕ್ಷರ ಬದಲಾದ್ರೂ ತುಂಡುಗಳು ಬೇಗ ಬಿಟ್ಟುಕೊಳ್ಳಬಹುದು. ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ ಮೂರ್ನಾಲ್ಕು ಮಂದಿಯಲ್ಲಿ ಅಂಥ ಒಂದು ಬದಲಾವಣೆ ಇದೆ. ಇರೋರಿಗೆಲ್ಲಾ ಕಾಯಿಲೆ ಬರಲ್ಲ, ಆದರೆ ಅಪಾಯ ಹೆಚ್ಚು. ಅಪ್ಪ ಅಥವಾ ಅಮ್ಮನಲ್ಲಿ ಈ ಬದಲಾವಣೆ ಇದ್ರೆ ಪ್ರತಿ ಮಗುವಿಗೂ ಅದು ಬರೋ ಸಾಧ್ಯತೆ ಅರ್ಧಕ್ಕರ್ಧ.

ಬಿಳಿ ಹೂವು ಹೇಳಿದ ಗುಟ್ಟು

ಈಗ 'ಸೈಲೆಂಟ್' ವಿಷಯಕ್ಕೆ ಬರೋಣ.

ನಮ್ಮ ಡಿಎನ್‌ಎಯನ್ನ ಮದುವೆ ಅಡುಗೆ ಭಟ್ಟರ ದೊಡ್ಡ ಪುಸ್ತಕ ಅಂದುಕೊಳ್ಳಿ. ಪುಸ್ತಕ ಬೀರುವಿನಲ್ಲಿ ಭದ್ರ, ಹೊರಗೆ ಬರಲ್ಲ. ಇವತ್ತು ಯಾವ ಅಡುಗೆ ಬೇಕೋ ಅದನ್ನ ಒಂದು ಚೀಟಿಯಲ್ಲಿ ಬರೆದು ಒಲೆ ಹತ್ತಿರ ಕಳಿಸ್ತಾರೆ. ಆ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ. ಚೀಟಿ ನೋಡಿ ಅಡುಗೆಯವರು ಮಾಡಿದ ಪದಾರ್ಥವೇ ಪ್ರೊಟೀನ್.

ಒಂದು ಪದಾರ್ಥ ಬೇಡ ಅಂತ ಆದ್ರೆ ಏನು ಮಾಡಬಹುದು? ಪುಸ್ತಕದ ಹಾಳೆಯನ್ನೇ ಹರಿಯಬಹುದು. ಅದು ಜೀನ್ ಎಡಿಟಿಂಗ್. ಇಲ್ಲಾ, ಪುಸ್ತಕ ಮುಟ್ಟದೆ, ಚೀಟಿ ಅಡುಗೆಮನೆಗೆ ಬಂದ ಕೂಡಲೇ ಹರಿದು ಹಾಕಬಹುದು. ಅದೇ ಜೀನ್ ಸೈಲೆನ್ಸಿಂಗ್. ಜೀನ್ ಇದ್ದಲ್ಲೇ ಇರುತ್ತೆ, ಅದರ ಮಾತು ಯಾರಿಗೂ ಕೇಳಿಸಲ್ಲ, ಅಷ್ಟೇ. ಹರಿಯೋದು ನಿಲ್ಲಿಸಿದ್ರೆ ನಿಧಾನಕ್ಕೆ ಅಡುಗೆ ಮತ್ತೆ ಶುರು.

ಚೀಟಿ ಹರಿಯೋ ವ್ಯವಸ್ಥೆ ಮನುಷ್ಯ ಕಂಡುಹಿಡಿದಿದ್ದಲ್ಲ. ಜೀವಕೋಶಗಳಲ್ಲಿ ಮೊದಲಿಂದಲೂ ಇತ್ತು. ಮೊದಲು ಸುಳಿವು ಕೊಟ್ಟಿದ್ದು ಪೆಟೂನಿಯಾ ಹೂವು. 1990ರ ಸುಮಾರಿಗೆ ಸಂಶೋಧಕರು ಆ ಹೂವಿನ ನೇರಳೆ ಬಣ್ಣ ಗಾಢ ಮಾಡೋಣ ಅಂತ ಬಣ್ಣದ ಜೀನ್‌ನ ಇನ್ನೊಂದು ಪ್ರತಿ ಗಿಡಕ್ಕೆ ಸೇರಿಸಿದರು. ಎಷ್ಟೋ ಹೂಗಳು ಬೆಳ್ಳಗೆ ಅರಳಿದವು! ಹೊಸ ಜೀನ್ ಜೊತೆ ಹಳೇ ಜೀನೂ ಸುಮ್ಮನಾಗಿತ್ತು.

ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 1998ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಅಮೆರಿಕದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಆ ಹುಳುವಿಗೆ ಎರಡೆಳೆಯ ಆರ್‌ಎನ್‌ಎ ಚುಚ್ಚಿದಾಗ ಅದಕ್ಕೆ ಹೊಂದೋ ಜೀನ್ ಮಾತ್ರ ಸುಮ್ಮನಾಯ್ತು. ಕೋಶದೊಳಗಿನ ಒಂದು ಯಂತ್ರ ಆ ಎರಡೆಳೆಯಲ್ಲಿ ಒಂದೆಳೆಯನ್ನ ಇಟ್ಟುಕೊಂಡು, ಅದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದೋ ಚೀಟಿ ಸಿಕ್ಕಿದ ಕೂಡಲೇ ಕತ್ತರಿಸುತ್ತೆ. ಒಂದು ಚೀಟಿ ಕತ್ತರಿಸಿದ ಮೇಲೆ ಅದೇ ಎಳೆ ಮುಂದಿನ ಚೀಟಿಗೂ ಸಿದ್ಧ. ಸ್ವಲ್ಪ ಔಷಧಿ ತುಂಬಾ ದಿನ ಬಾಳೋದಕ್ಕೆ ಇದೂ ಒಂದು ಕಾರಣ. ಇಬ್ಬರಿಗೂ 2006ರಲ್ಲಿ ನೊಬೆಲ್ ಬಂತು. ಕಂಡುಹಿಡಿದ ಎಂಟೇ ವರ್ಷಕ್ಕೆ!

ಲಿವರ್ ವಿಳಾಸದ ಸಕ್ಕರೆ

ನೊಬೆಲ್ ಬಂತು ಅಂದ ಮಾತ್ರಕ್ಕೆ ಔಷಧಿ ಬರಲಿಲ್ಲ. ದೊಡ್ಡ ಸಮಸ್ಯೆ ಡೆಲಿವರಿ. ಬರೀ ಆರ್‌ಎನ್‌ಎ ರಕ್ತಕ್ಕೆ ಬಿಟ್ರೆ ಕ್ಷಣದಲ್ಲಿ ಚೂರಾಗುತ್ತೆ. ಉಳಿದ್ರೂ ಕೋಶದ ಒಳಗೆ ಹೋಗಲ್ಲ. ಆರ್ಡರ್ ರೆಡಿ, ಮನೆ ವಿಳಾಸ ಇಲ್ಲ ಅನ್ನೋ ಸ್ಥಿತಿ.

ಮೊದಲ ಪರಿಹಾರ ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಅದನ್ನ ತುಂಬಿ ಕಳಿಸೋದು. ಹಾಗೆ ಬಂದಿದ್ದು ಪಟಿಸಿರಾನ್. 2018ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಈ ತಂತ್ರದ ಮೊಟ್ಟಮೊದಲ ಔಷಧಿ ಇದು. ಆದರೆ ಅದು ಇದೇ ಟಿಟಿಆರ್ ನರಗಳಿಗೆ ಮಾಡೋ ಹಾನಿಗೆ ಮಾತ್ರ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು.

ಎರಡನೇ ಪರಿಹಾರ ಇನ್ನೂ ಜಾಣತನದ್ದು. ಲಿವರ್ ಕೋಶಗಳ ಮೇಲೆ ಒಂದು ಬಗೆಯ ಸಕ್ಕರೆಯನ್ನ ಹಿಡಿದು ಒಳಗೆಳೆಯೋ ಬಾಗಿಲುಗಳಿವೆ. ಔಷಧಿಯ ಬಾಲಕ್ಕೆ ಆ ಸಕ್ಕರೆ ಅಂಟಿಸಿದ್ರೆ ಸಾಕು, ಚರ್ಮದ ಕೆಳಗೆ ಚುಚ್ಚಿದ ಮದ್ದು ನೇರ ಲಿವರ್‌ಗೆ ಹೋಗುತ್ತೆ. ಟಿಟಿಆರ್ ತಯಾರಾಗೋದೇ ಅಲ್ಲಿ. ಹಾನಿ ಆಗ್ತಿರೋದು ಹೃದಯಕ್ಕೆ, ಮದ್ದು ಹೋಗೋದು ಲಿವರ್‌ಗೆ. ಮನೆ ಗೋಡೆ ನೆನೀತಿದ್ರೆ ಗೋಡೆ ಒರೆಸ್ತಾ ಕೂರಲ್ಲ, ಹೋಗಿ ಟ್ಯಾಂಕ್ ತುಂಬಿಸ್ತಿರೋ ಮೋಟರ್ ಆಫ್ ಮಾಡ್ತೀವಲ್ವಾ, ಹಾಗೆ.

ಇಲ್ಲಿ ಒಂದು ಕಹಿ ಘಟನೆ ಹೇಳಲೇಬೇಕು. ಈ ಸಕ್ಕರೆ ಉಪಾಯದ ಮೊದಲ ಹೃದಯ ಔಷಧಿ ರೆವುಸಿರಾನ್. ವಾರಕ್ಕೆ 500 ಮಿಲಿಗ್ರಾಂ ಕೊಡ್ತಿದ್ರು. 2016ರ ಅಕ್ಟೋಬರ್‌ನಲ್ಲಿ ಟ್ರಯಲ್ ಮಧ್ಯದಲ್ಲೇ ನಿಂತುಹೋಯ್ತು. ಯಾಕಂದ್ರೆ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ಔಷಧಿ ಪಡೆದವರಲ್ಲಿ ಸಾವು ಹೆಚ್ಚು ಕಂಡಿತ್ತು. ಲ್ಯಾಬ್‌ನಲ್ಲಿ ತರ್ಕ ಎಷ್ಟೇ ಚೆನ್ನಾಗಿರಲಿ, ಮನುಷ್ಯರ ಮೇಲೆ ಪರೀಕ್ಷೆ ಆಗದೆ "ಮದ್ದು ಸಿಕ್ಕಿತು" ಅನ್ನಬಾರದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಅದೇ ಕಂಪನಿ ಆರ್‌ಎನ್‌ಎಯ ರಸಾಯನ ಬದಲಿಸಿ, ಹೆಚ್ಚು ಕಾಲ ಬಾಳೋ ಹಾಗೆ ಮಾಡಿ ತಂದಿದ್ದು ವುಟ್ರಿಸಿರಾನ್. ಡೋಸ್ ಎಷ್ಟು ಗೊತ್ತಾ? ಮೂರು ತಿಂಗಳಿಗೆ 25 ಮಿಲಿಗ್ರಾಂ. ವಾರಕ್ಕೆ 500 ಎಲ್ಲಿ, ಮೂರು ತಿಂಗಳಿಗೆ 25 ಎಲ್ಲಿ! ನಮ್ಮ ಫಾರ್ವರ್ಡ್‌ನಲ್ಲಿ ಬಂದ ಇಂಜೆಕ್ಷನ್ ಇದೇ.

ಲಂಡನ್‌ನಲ್ಲಿ ಓದಿದ ಅಂಕಿಗಳು

ವುಟ್ರಿಸಿರಾನ್‌ನ ದೊಡ್ಡ ಪರೀಕ್ಷೆಯ ಹೆಸರು ಹೀಲಿಯೋಸ್-ಬಿ. 655 ರೋಗಿಗಳು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿ ಇಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಲಂಡನ್‌ನ ಯುರೋಪಿಯನ್ ಹೃದ್ರೋಗ ಸಮ್ಮೇಳನದಲ್ಲಿ ಫಲಿತಾಂಶ ಮುಂದಿಟ್ಟವರು ಅದೇ ಊರಿನ ಹೃದ್ರೋಗ ತಜ್ಞೆ ಮರಿಯಾನಾ ಫಾಂಟಾನಾ.

ಸಾವು ಮತ್ತು ಮತ್ತೆ ಮತ್ತೆ ಬರೋ ಹೃದಯದ ತೊಂದರೆ, ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಔಷಧಿ ಪಡೆದವರಲ್ಲಿ ಅಪಾಯ ಶೇ 28ರಷ್ಟು ಕಡಿಮೆ. 42 ತಿಂಗಳವರೆಗಿನ ಸಾವನ್ನ ಮಾತ್ರ ನೋಡಿದ್ರೆ ಶೇ 35ರಷ್ಟು ಕಡಿಮೆ. ರಕ್ತದಲ್ಲಿನ ಟಿಟಿಆರ್ ಸುಮಾರು ಶೇ 80ರಷ್ಟು ಇಳಿದಿತ್ತು. ಪರೀಕ್ಷೆಗೆ ಸೇರುವಾಗಲೇ ಶೇ 40ರಷ್ಟು ಜನ ಇದೇ ಕಾಯಿಲೆಗೆ ಇನ್ನೊಂದು ಔಷಧಿಯನ್ನೂ ತಗೊಳ್ತಿದ್ರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಶೇ 35 ಅಂದ್ರೆ ನೂರು ಜನರಲ್ಲಿ 35 ಜನ ಬದುಕಿದರು ಅಂತ ಅಲ್ಲ. ಸುಮ್ಮನೆ ಉದಾಹರಣೆಗೆ, ಔಷಧಿ ಇಲ್ಲದೆ ನೂರರಲ್ಲಿ 30 ಜನ ತೀರಿಹೋಗ್ತಿದ್ರು ಅಂದುಕೊಳ್ಳಿ, ಔಷಧಿಯಿಂದ ಅದು 20ರ ಹತ್ತಿರ ಬರುತ್ತೆ ಅನ್ನೋ ಥರದ ಲೆಕ್ಕ. ಅದೂ ಸಣ್ಣದಲ್ಲ. ಹತ್ತು ಮನೆಗಳ ಮಾತು. ಆದರೆ ಹೆಡ್‌ಲೈನ್ ಓದುವಾಗ "ಯಾವುದರಲ್ಲಿ ಶೇ 35?" ಅಂತ ಕೇಳೋ ಅಭ್ಯಾಸ ಇಟ್ಟುಕೊಳ್ಳಿ.

2025ರ ಮಾರ್ಚ್‌ನಲ್ಲಿ ಎಫ್‌ಡಿಎ ಈ ಹೃದಯ ಕಾಯಿಲೆಗೂ ವುಟ್ರಿಸಿರಾನ್ ಕೊಡಬಹುದು ಅಂತು. ಹೃದಯದ ಈ ಕಾಯಿಲೆಗೆ ಒಪ್ಪಿಗೆ ಪಡೆದ ಮೊದಲ ಜೀನ್ ಸೈಲೆನ್ಸಿಂಗ್ ಔಷಧಿ ಇದು. ಅದಕ್ಕೆ ಮೊದಲು, 2023ರಲ್ಲಿ, ಪಟಿಸಿರಾನ್‌ಗೆ ಇದೇ ಎಫ್‌ಡಿಎ ಬೇಡ ಅಂದಿತ್ತು. ಅದು ಕೆಲಸ ಮಾಡುತ್ತಿತ್ತು, ಆದರೆ ರೋಗಿಯ ಬದುಕಲ್ಲಿ ಅರ್ಥ ಇರೋವಷ್ಟು ವ್ಯತ್ಯಾಸ ಕಾಣ್ತಿಲ್ಲ ಅನ್ನೋದು ಅವರ ಮಾತು. ಗುರಿ ಅದೇ ಜೀನ್, ಕಂಪನಿ ಅದೇ. ಪುರಾವೆ ಬೇರೆ, ಹಾಗಾಗಿ ತೀರ್ಪೂ ಬೇರೆ.

ಇದಲ್ಲದೆ ಮಾತ್ರೆಗಳೂ ಇವೆ. ಎಫ್‌ಡಿಎ 2019ರಲ್ಲಿ ಒಪ್ಪಿದ ಟಫಾಮಿಡಿಸ್, 2024ರಲ್ಲಿ ಒಪ್ಪಿದ ಅಕೊರಾಮಿಡಿಸ್. ಅವು ಚೀಟಿ ಹರಿಯಲ್ಲ. ತಯಾರಾದ ಟಿಟಿಆರ್‌ನ ನಾಲ್ಕು ತುಂಡು ಬಿಟ್ಟುಕೊಳ್ಳದ ಹಾಗೆ ಹಿಡಿದಿಡ್ತವೆ. ದಾರಿ ಬೇರೆ, ಉದ್ದೇಶ ಒಂದೇ.

ಇದು ಏನು ಮಾಡಲ್ಲ

ಈಗ ಫಾರ್ವರ್ಡ್‌ನಲ್ಲಿ ಇಲ್ಲದ ಮಾತು.

ಹೀಲಿಯೋಸ್-ಬಿಯಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತಲೂ ಅಳೆದಿದ್ದರು. 30 ತಿಂಗಳಾದ ಮೇಲೆ ಔಷಧಿ ಪಡೆದವರೂ ಸರಾಸರಿ ಮೊದಲಿಗಿಂತ ಕಡಿಮೆಯೇ ನಡೆದರು. ಪಡೆಯದವರು ಇನ್ನೂ ಕಡಿಮೆ ನಡೆದರು. ಇಬ್ಬರ ನಡುವಿನ ಅಂತರ ಸುಮಾರು 26 ಮೀಟರ್. ಅಂದ್ರೆ ಔಷಧಿ ಇಳಿಜಾರಿನಲ್ಲಿ ಬ್ರೇಕ್ ಹಾಕಿತು, ಗಾಡಿಯನ್ನ ಹಿಂದಕ್ಕೆ ಮೇಲೆ ಎಳೆಯಲಿಲ್ಲ.

ಕಾರಣ ನಿಮಗೆ ಈಗಾಗಲೇ ಗೊತ್ತು. ಮೋಟರ್ ಆಫ್ ಆಯ್ತು, ಗೋಡೆ ಹೀರಿಕೊಂಡ ನೀರು ಅಲ್ಲೇ ಇದೆ. ಹೊಸ ಗಂಜಿ ಬರೋದು ಕಡಿಮೆ ಆಗುತ್ತೆ, ಹತ್ತಿದ ಗಂಜಿಯನ್ನ ಈ ಔಷಧಿ ತೊಳೆಯಲ್ಲ. ಹೃದಯ ತೀರಾ ಸೋತವರನ್ನ ಈ ಪರೀಕ್ಷೆಗೆ ಸೇರಿಸಿಕೊಂಡೂ ಇರಲಿಲ್ಲ. ಕೂತಲ್ಲೇ ಏದುಸಿರು ಬರೋ ಹಂತದಲ್ಲಿ ಇದು ಎಷ್ಟು ಸಹಾಯ ಮಾಡುತ್ತೆ ಅಂತ ಆ ಅಂಕಿಗಳು ಹೇಳಲ್ಲ.

ಇನ್ನೊಂದು ಸಣ್ಣ ವಿಷಯ. ಟಿಟಿಆರ್ ವಿಟಮಿನ್ ಎ ಹೊರುತ್ತೆ ಅಂದೆನಲ್ಲ? ಟಿಟಿಆರ್ ಇಳಿದ್ರೆ ರಕ್ತದ ವಿಟಮಿನ್ ಎ ಕೂಡ ಇಳಿಯುತ್ತೆ. ಹಾಗಾಗಿ ಈ ಔಷಧಿ ಜೊತೆ ದಿನಕ್ಕೆ ಬೇಕಾದಷ್ಟು ವಿಟಮಿನ್ ಎ ತಗೊಳ್ಳೋಕೆ ಹೇಳ್ತಾರೆ. ರಾತ್ರಿ ಕಣ್ಣು ಮಂಜಾದ್ರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು.

ಕೈ ಮೊದಲು ಹೇಳುತ್ತೆ

ಇಷ್ಟು ಹೇಳಿದ್ದು ಈ ಭಾಗಕ್ಕೋಸ್ಕರ. ಔಷಧಿ ಗಂಜಿ ತೊಳೆಯಲ್ಲ ಅಂದ್ರೆ, ಗಂಜಿ ತೆಳುವಾಗಿರುವಾಗಲೇ ಕಾಯಿಲೆ ಕಂಡುಹಿಡಿಯಬೇಕು. ಅದು ಹೇಗೆ?

ಟಿಟಿಆರ್ ಎಳೆಗಳು ಹೃದಯದಲ್ಲಷ್ಟೇ ಕೂರಲ್ಲ. ಮಣಿಕಟ್ಟಿನ ಇಕ್ಕಟ್ಟಾದ ಜಾಗದಲ್ಲೂ ಕೂರುತ್ತವೆ. ಅಲ್ಲಿ ಹಾದುಹೋಗೋ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತೆ, ರಾತ್ರಿ ಎಚ್ಚರ ಆಗುತ್ತೆ. ಇದೇ ಕಾರ್ಪಲ್ ಟನಲ್. ಎಷ್ಟೋ ರೋಗಿಗಳಲ್ಲಿ ಇದು ಹೃದಯದ ಲಕ್ಷಣಕ್ಕಿಂತ ಐದು, ಹತ್ತು ವರ್ಷ ಮೊದಲೇ, ಎರಡೂ ಕೈಯಲ್ಲಿ ಬಂದಿರುತ್ತೆ. ಆಪರೇಷನ್ ಮಾಡಿಸಿಕೊಂಡು ಮರೆತೂ ಹೋಗಿರ್ತಾರೆ. ಸೊಂಟದ ಹತ್ತಿರ ಬೆನ್ನುಹುರಿಯ ದಾರಿ ಕಿರಿದಾಗೋದು, ಭಾರ ಎತ್ತದೆಯೇ ತೋಳಿನ ಸ್ನಾಯುರಜ್ಜು ತುಂಡಾಗೋದು ಕೂಡ ಇಂಥ ಸುಳಿವುಗಳೇ.

ಗಾಬರಿ ಬೇಡ. ಇಡೀ ದಿನ ಫೋನ್ ಹಿಡಿದು ನಿಮ್ಮ ಕೈ ಜೋಮು ಹಿಡಿದ್ರೆ ಅದು ಈ ಕಾಯಿಲೆ ಅಲ್ಲ! ಶುಗರ್, ಥೈರಾಯ್ಡ್, ಬಸುರಿತನದಲ್ಲೂ ಕೈ ಜೋಮು ಬರುತ್ತೆ. ನಾನು ಹೇಳ್ತಿರೋದು ಸುಳಿವುಗಳು ಒಟ್ಟಿಗೆ ಸೇರೋದರ ಬಗ್ಗೆ. ಅಜ್ಜನಿಗೆ 70 ದಾಟಿದೆ. ಎರಡೂ ಕೈಗೆ ಹಿಂದೆ ಆಪರೇಷನ್ ಆಗಿದೆ. ಈಗ ಏದುಸಿರು, ಕಾಲು ಊತ. ಎಕೋ ರಿಪೋರ್ಟಲ್ಲಿ ಹೃದಯದ ಗೋಡೆ ದಪ್ಪ ಅಂತ ಬರೆದಿದೆ. ಇಪ್ಪತ್ತು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದವರು ಈಗ ಮಾತ್ರೆ ತಗೊಂಡ್ರೆ ತಲೆ ಸುತ್ತುತ್ತೆ ಅಂತಾರೆ. ಮನೆಯವರೆಲ್ಲಾ "ಬಿಪಿ ತಾನಾಗೇ ವಾಸಿ ಆಯ್ತು" ಅಂತ ಖುಷಿಪಡ್ತಾರೆ. ಅದು ಖುಷಿಯ ವಿಷಯ ಅಲ್ಲದೇ ಇರಬಹುದು. ಬಿರುಸಾದ ಹೃದಯ ರಕ್ತ ಕಡಿಮೆ ತಳ್ಳೋಕೆ ಶುರುಮಾಡಿದೆ ಅಂತಲೂ ಇರಬಹುದು.

ಇಂಥ ಕಡೆ "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗಬಾರದು. ಹೃದ್ರೋಗ ತಜ್ಞರ ಹತ್ತಿರ ಹೋದಾಗ ಕೈಯ ಆಪರೇಷನ್ ವಿಷಯ ಹೇಳಿ, ಅಮೈಲಾಯ್ಡ್ ಇರಬಹುದಾ ಅಂತ ಕೇಳಿ. ಅವರು ಮೂಳೆ ಡಾಕ್ಟರ್ ಹತ್ತಿರ ಹೋಗಿದ್ದು ಇವರಿಗೆ ಗೊತ್ತಿರಲ್ಲ. ಎರಡನ್ನೂ ಜೋಡಿಸಿ ನೋಡಬಲ್ಲವರು ಮನೆಯವರೇ.

ಪರೀಕ್ಷೆ ಹೇಗೆ? ಮೊದಲೆಲ್ಲಾ ಹೃದಯದಿಂದ ಚೂರು ಮಾಂಸ ತೆಗೆದು ನೋಡಬೇಕಿತ್ತು. ಈಗ ಹೆಚ್ಚಿನವರಿಗೆ ಅದು ಬೇಕಾಗಲ್ಲ. ಮೂಳೆ ಸ್ಕ್ಯಾನ್‌ಗೆ ಬಳಸೋ ಥರದ್ದೇ ವಿಕಿರಣ ಪದಾರ್ಥವನ್ನ ಸ್ವಲ್ಪ ಚುಚ್ಚಿ ಸ್ಕ್ಯಾನ್ ಮಾಡಿದ್ರೆ, ಟಿಟಿಆರ್ ಕೂತ ಹೃದಯ ಪಕ್ಕೆಲುಬುಗಳ ನಡುವೆ ಬೆಳಗಿ ಕಾಣುತ್ತೆ. 2016ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಈ ದಾರಿಯನ್ನ ಗಟ್ಟಿ ಮಾಡಿತು. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರೋ ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಸ್ಕ್ಯಾನ್ ಮಾಡ್ತಾರೆ. ಜೊತೆಗೆ ರಕ್ತ, ಮೂತ್ರದ ಪರೀಕ್ಷೆ ಆಗಲೇಬೇಕು. ಯಾಕಂದ್ರೆ ಅಮೈಲಾಯ್ಡ್‌ನಲ್ಲಿ ಇನ್ನೊಂದು ಬಗೆ ಇದೆ, ಅದು ಮೂಳೆಮಜ್ಜೆಯ ಕೋಶಗಳಿಂದ ಬರೋದು. ಅದಕ್ಕೆ ಈ ಇಂಜೆಕ್ಷನ್ ಅಲ್ಲ, ಕೀಮೋಥೆರಪಿ ಥರದ ಚಿಕಿತ್ಸೆ ಬೇಕು, ಅದೂ ತಡ ಮಾಡದೆ. ಟಿಟಿಆರ್ ಅಂತ ಖಚಿತ ಆದ್ರೆ ಜೀನ್ ಪರೀಕ್ಷೆ. ವಂಶದ ಬಗೆ ಅಂತ ಬಂದ್ರೆ ಮಕ್ಕಳಿಗೂ ಗೊತ್ತಾಗಬೇಕು.

ದುಡ್ಡಿನ ಮಾತು

ಅಮೆರಿಕದಲ್ಲಿ ವುಟ್ರಿಸಿರಾನ್‌ನ ಪಟ್ಟಿ ಬೆಲೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಡಾಲರ್‌ಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ ಹತ್ತಿರ. ಟಫಾಮಿಡಿಸ್ ಬಂದಾಗ ಅದರ ಬೆಲೆ ವರ್ಷಕ್ಕೆ 2 ಲಕ್ಷ 25 ಸಾವಿರ ಡಾಲರ್. ಅದೂ ಒಂದು ಕೋರ್ಸ್ ಮುಗಿಸಿ ಬಿಡೋ ಔಷಧಿಗಳಲ್ಲ, ಬದುಕಿರೋವರೆಗೂ ಬೇಕು.

ಶ್ರೀಮಂತ ದೇಶಗಳೂ ಇಲ್ಲಿ ಎಡವಿವೆ. ಇಂಗ್ಲೆಂಡ್‌ನಲ್ಲಿ ಯಾವ ಔಷಧಿಗೆ ಸರ್ಕಾರಿ ಆರೋಗ್ಯ ಸೇವೆ ದುಡ್ಡು ಕೊಡಬೇಕು ಅಂತ ನೋಡೋ ಸಂಸ್ಥೆ ನೈಸ್. ಅದು 2021ರಲ್ಲಿ ಟಫಾಮಿಡಿಸ್‌ಗೆ ಇಲ್ಲ ಅಂತು, 2024ರಲ್ಲಿ ಹೌದು ಅಂತು. ಆ ಮೂರು ವರ್ಷ ಈ ಕಾಯಿಲೆಯವರಿಗೆ ಎಷ್ಟು ದೊಡ್ಡದು ಅಂತ ಯೋಚಿಸಿ. ಗಂಜಿ ಕಾಯಲ್ಲ.

ಹಾಗಾದ್ರೆ ಅಷ್ಟು ದುಡ್ಡಿಲ್ಲದವರಿಗೆ ಕಾಯಿಲೆ ಗೊತ್ತಾಗಿ ಏನು ಪ್ರಯೋಜನ? ನನ್ನ ಪ್ರಕಾರ ಇದೆ. ಹೃದಯದ ಕೆಲವು ಮಾಮೂಲಿ ಮಾತ್ರೆಗಳು ಈ ರೋಗಿಗಳಿಗೆ ಒಗ್ಗಲ್ಲ. ಕಾಯಿಲೆ ಯಾವುದು ಅಂತ ಗೊತ್ತಾದ್ರೆ ಡಾಕ್ಟರ್ ಮಾತ್ರೆ ಬದಲಿಸ್ತಾರೆ, ನೀರು ತೆಗೆಸೋ ಮಾತ್ರೆ ಸರಿಯಾಗಿ ಹೊಂದಿಸ್ತಾರೆ, ಬಡಿತದ ಏರುಪೇರು ಮುಂಚೆಯೇ ಹಿಡೀತಾರೆ. ಇದಕ್ಕೆ ಕೋಟಿ ಬೇಡ.

ಮುಂದೆ ಏನು?

ಬೇಗ ಬೇಗ ಮೂರು ಮಾತು. ಒಂದು, ಪುಸ್ತಕದ ಹಾಳೆಯನ್ನೇ ಹರಿಯೋ ದಾರಿ. ಕ್ರಿಸ್ಪರ್ ಬಳಸಿ ಲಿವರ್‌ನಲ್ಲೇ ಟಿಟಿಆರ್ ಜೀನ್ ಕತ್ತರಿಸೋ ಪ್ರಯತ್ನದ ಮೊದಲ ಫಲಿತಾಂಶ 2021ರಲ್ಲಿ ಬಂತು, ಆರು ರೋಗಿಗಳಲ್ಲಿ. ಒಂದೇ ಸಲ ಕೊಟ್ರೆ ಸಾಕು ಅನ್ನೋ ಆಸೆ. ಆದರೆ 2025ರ ಅಕ್ಟೋಬರ್‌ನಲ್ಲಿ ಒಬ್ಬ ರೋಗಿಯ ಲಿವರ್‌ಗೆ ತೀವ್ರ ತೊಂದರೆ ಆಗಿ ದೊಡ್ಡ ಟ್ರಯಲ್‌ಗಳನ್ನ ತಡೆಹಿಡಿದರು. ಹರಿದ ಹಾಳೆಯನ್ನ ಮತ್ತೆ ಅಂಟಿಸೋಕೆ ಆಗಲ್ಲ. ಚೀಟಿ ಹರಿಯೋದನ್ನ ನಿಲ್ಲಿಸಬಹುದು.

ಎರಡು, ಕೊಲೆಸ್ಟ್ರಾಲ್. ಇನ್‌ಕ್ಲಿಸಿರಾನ್ ಅನ್ನೋ ಔಷಧಿ ಇದೇ ಸಕ್ಕರೆ ವಿಳಾಸ ಹಿಡಿದು ಲಿವರ್‌ಗೆ ಹೋಗಿ ಪಿಸಿಎಸ್‌ಕೆ9 ಅನ್ನೋ ಜೀನ್‌ನ ಚೀಟಿ ಹರಿಯುತ್ತೆ, ಕೆಟ್ಟ ಕೊಲೆಸ್ಟ್ರಾಲ್ ಅರ್ಧದಷ್ಟು ಇಳಿಯುತ್ತೆ. ಮೊದಲೆರಡು ಡೋಸ್ ಆದ ಮೇಲೆ ಆರು ತಿಂಗಳಿಗೊಂದು ಇಂಜೆಕ್ಷನ್. ಇದು ಭಾರತದಲ್ಲೂ ಬಂದಿದೆ. ಆದರೆ ಇದು ಹಾರ್ಟ್ ಫೇಲ್ಯೂರ್‌ಗೆ ಅಲ್ಲ.

ಮೂರು, ಹೃದಯದೊಳಗೇ ಹೋಗಿ ಸುಮ್ಮನಾಗಿಸೋದು. ಸೋತ ಹೃದಯದಲ್ಲಿ ಮೈಕ್ರೋಆರ್‌ಎನ್‌ಎ-132 ಅನ್ನೋ ಸಣ್ಣ ಅಣು ಹೆಚ್ಚಾಗುತ್ತೆ. ಅದನ್ನ ತಡೆಯೋ ಔಷಧಿಯನ್ನ ಜರ್ಮನಿಯ ಸಂಶೋಧಕರು ಮೊದಲು 28 ರೋಗಿಗಳಲ್ಲಿ ನೋಡಿದರು. ಅದು ಸುರಕ್ಷತೆ ನೋಡೋಕೆ ಮಾಡಿದ ಸಣ್ಣ ಪರೀಕ್ಷೆ. ಹಾರ್ಟ್ ಅಟ್ಯಾಕ್ ನಂತರದ ಫೇಲ್ಯೂರ್‌ಗೂ ಸೈಲೆನ್ಸಿಂಗ್ ಉಪಯೋಗ ಆಗುತ್ತಾ ಅನ್ನೋ ಪ್ರಶ್ನೆ ಇರೋದು ಇಲ್ಲಿ. ಲಿವರ್‌ಗೆ ವಿಳಾಸ ಸಿಕ್ಕ ಹಾಗೆ ಹೃದಯಕ್ಕೂ ಒಂದು ಒಳ್ಳೇ ವಿಳಾಸ ಸಿಗಬೇಕು.

ಕೊನೆಗೆ, "ಅಪ್ಪನಿಗೆ ಹಾಕಿಸಬಹುದಾ?" ಅಂತ ಕೇಳಿದವರಿಗೆ ನಾನು ಏನಂದೆ? ಇಂಜೆಕ್ಷನ್ ವಿಷಯ ಆಮೇಲೆ ಅಂದೆ. ಮೊದಲು ಅಪ್ಪನಿಗೆ ಹಾರ್ಟ್ ಫೇಲ್ಯೂರ್ ಯಾಕೆ ಬಂತು ಅಂತ ಡಾಕ್ಟರನ್ನ ಕೇಳಿ ಅಂದೆ. ಸ್ವಲ್ಪ ಹೊತ್ತಿಗೆ ರಿಪ್ಲೈ ಬಂತು: "ಇಷ್ಟು ವರ್ಷದಲ್ಲಿ ಅದನ್ನ ನಾವು ಕೇಳೇ ಇಲ್ಲ."

ನೀವೂ ಈ ವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಮೆಟ್ಟಿಲು ಹತ್ತೋದು ಹೇಗಿದೆ, ರಾತ್ರಿ ಕೈ ಜೋಮು ಹಿಡಿಯುತ್ತಾ ಅಂತ.

ಮುಂದಿನ ವಾರ ಮತ್ತೆ ಸಿಗೋಣ.